ಬಜೆಟ್ ಕೊರತೆ ತುಂಬಲು ಸಂಘವನ್ನೇಕೆ ಮುರಿಯಬೇಕಿತ್ತು? ವಿಸ್ಕಾನ್ಸಿನ್‌ನ ‘ಆ್ಯಕ್ಟ್ 10’

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ನೌಕರ. ಮಗಳು ಅಮೆರಿಕದ ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಾ ಅಲ್ಲೇ ಬೋಧನಾ ಸಹಾಯಕಿಯಾಗಿದ್ದಾಳೆ. ಸಂಘಕ್ಕೆ ಸೇರು ಎಂದು ಜೊತೆಯವರು ಹೇಳುತ್ತಾರಂತೆ. ‘ಆ್ಯಕ್ಟ್ 10 ಬಂದ ಮೇಲೆ ಸಂಘಕ್ಕೆ ಹಲ್ಲೇ ಇಲ್ಲ, ಸೇರಿ ಏನು ಮಾಡುತ್ತೀ’ ಎನ್ನುವವರೂ ಇದ್ದಾರಂತೆ. ಸಂಘವನ್ನು ನಿಷೇಧಿಸದೆ ಒಂದು ಕಾನೂನು ಅದನ್ನು ಹೇಗೆ ಮುಗಿಸಿತು? ಖಜಾನೆ ನಿಜಕ್ಕೂ ಬರಿದಾಗಿತ್ತೇ? ನಮ್ಮಲ್ಲೂ ಹೀಗಾಗಬಹುದೇ?

ಉತ್ತರ: ಆ್ಯಕ್ಟ್ 10 ಎಂದರೆ ವಿಸ್ಕಾನ್ಸಿನ್ ರಾಜ್ಯ 2011ರಲ್ಲಿ ತನ್ನ ಸರ್ಕಾರಿ ನೌಕರರ ಸಂಬಳ, ಸಂಘಗಳ ಬಗ್ಗೆ ತಂದ ಕಾನೂನು. ಒಂದೇ ಕಾನೂನಿನಂತೆ ಕಂಡರೂ ಅದರೊಳಗೆ ಎರಡು ಇವೆ. ಒಂದು ದುಡ್ಡಿನದು, ಇನ್ನೊಂದು ಸಂಘದ್ದು. ದುಡ್ಡಿನ ಭಾಗವನ್ನು ದೊಡ್ಡ ಸಂಘಗಳ ಮುಖಂಡರು ಮಸೂದೆ ಬಂದ ಒಂದೇ ವಾರದಲ್ಲಿ ಒಪ್ಪಿಕೊಂಡಿದ್ದರು. ‘ಪಿಂಚಣಿಗೂ ವಿಮೆಗೂ ನೀವು ಹೇಳಿದಷ್ಟು ಕೊಡುತ್ತೇವೆ, ಸರ್ಕಾರದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುವ ಮಾತುಕತೆಯ ಹಕ್ಕನ್ನು ಮಾತ್ರ ನಮಗೆ ಉಳಿಸಿ’ ಎಂಬುದು ಅವರ ನಿಲುವು. ಗವರ್ನರ್ ಒಪ್ಪಲಿಲ್ಲ. ಆಮೇಲೆ ನಡೆದ ಜಗಳವೆಲ್ಲ ಎರಡನೆಯ ಭಾಗದ ಮೇಲೆ. ಇಷ್ಟು ಗೊತ್ತಿದ್ದರೆ ಉಳಿದದ್ದು ಸುಲಭ.

ಮೊದಲು ಖಜಾನೆಯ ವಿಷಯ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಮುಖ್ಯಮಂತ್ರಿಯ ಕೆಲಸ ಅವರದು. ರಿಪಬ್ಲಿಕನ್ ಪಕ್ಷದ ಸ್ಕಾಟ್ ವಾಕರ್ 2010ರ ನವೆಂಬರ್‌ನಲ್ಲಿ ಗೆದ್ದು 2011ರ ಜನವರಿಯಲ್ಲಿ ಅಧಿಕಾರ ಹಿಡಿದರು. ಎರಡೂ ಸದನಗಳು ಅದೇ ಪಕ್ಷದ ಕೈಗೆ ಬಂದವು. ವಿಸ್ಕಾನ್ಸಿನ್‌ನಲ್ಲಿ ಬಜೆಟ್ ಎರಡು ವರ್ಷಕ್ಕೊಮ್ಮೆ; ಆರ್ಥಿಕ ವರ್ಷ ಜುಲೈ 1ರಿಂದ ಜೂನ್ 30. ಖರ್ಚು ಆದಾಯವನ್ನು ಮೀರದಂತೆ ಬಜೆಟ್ ತೂಗಿಸಲೇಬೇಕು, ಕೇಂದ್ರ ಸರ್ಕಾರದಂತೆ ಸಾಲ ಮಾಡಿ ದಿನ ದೂಡುವಂತಿಲ್ಲ. ಆಗ ಸರ್ಕಾರ ಹೇಳಿದ ಅಂಕಿಗಳು ಎರಡು: ಚಾಲ್ತಿ ವರ್ಷದಲ್ಲಿ 13.7 ಕೋಟಿ ಡಾಲರ್ ಕೊರತೆ, ಮುಂದಿನ ಎರಡು ವರ್ಷಕ್ಕೆ 360 ಕೋಟಿ ಡಾಲರ್ ಕೊರತೆ.

ಈ ಅಂಕಿಗಳು ಸುಳ್ಳಲ್ಲ. ‘ವಾಕರ್ ಉದ್ಯಮಗಳಿಗೆ ತೆರಿಗೆ ರಿಯಾಯಿತಿ ಕೊಟ್ಟು ತಾನೇ ಕೊರತೆ ಹುಟ್ಟಿಸಿದ’ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಚಾಲ್ತಿ ವರ್ಷದ ಕೊರತೆಗೆ ಅದು ಹೊಂದುವುದಿಲ್ಲ. ಆ ರಿಯಾಯಿತಿಗಳ ಪರಿಣಾಮ ಶುರುವಾಗುವುದೇ ಮುಂದಿನ ಆರ್ಥಿಕ ವರ್ಷದಿಂದ. ಆ ವರ್ಷದ ಕೊರತೆಗೆ ಬೇರೆ ಕಾರಣಗಳಿದ್ದವು. ಬಡವರ ವೈದ್ಯಕೀಯ ಯೋಜನೆಯಾದ ಮೆಡಿಕೇಯ್ಡ್‌ಗೆ ಇಟ್ಟ ಹಣ ಸಾಲಲಿಲ್ಲ. ಪಕ್ಕದ ಮಿನ್ನೆಸೋಟ ರಾಜ್ಯಕ್ಕೆ ಆದಾಯ ತೆರಿಗೆ ಹಂಚಿಕೆ ಒಪ್ಪಂದದ ಬಾಕಿ ಸುಮಾರು 5.9 ಕೋಟಿ ಡಾಲರ್ ಇತ್ತು. ಸೆರೆಮನೆಗಳ ಖರ್ಚೂ ಮಿತಿ ಮೀರಿತ್ತು. ಇದಲ್ಲದೆ ಹಿಂದಿನ ಸರ್ಕಾರ ವೈದ್ಯಕೀಯ ಪರಿಹಾರ ನಿಧಿಯಿಂದ ಎತ್ತಿಕೊಂಡಿದ್ದ 20 ಕೋಟಿ ಡಾಲರನ್ನು ವಾಪಸ್ ತುಂಬಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತ್ತು. ಮುಂದಿನ ಎರಡು ವರ್ಷದ ಕೊರತೆಗೆ ಮಾತ್ರ ಹೊಸ ತೆರಿಗೆ ರಿಯಾಯಿತಿಗಳೂ ತಮ್ಮ ಪಾಲು ಸೇರಿಸಿದವು.

ಇನ್ನೊಂದು ತಪ್ಪು ಕಲ್ಪನೆ, ಪಿಂಚಣಿ ನಿಧಿ ಮುಳುಗುತ್ತಿತ್ತು ಎಂಬುದು. ಪಕ್ಕದ ಇಲಿನಾಯ್‌ನದು ಮುಳುಗುತ್ತಿತ್ತು ನಿಜ. ವಿಸ್ಕಾನ್ಸಿನ್‌ನ ಪಿಂಚಣಿ ನಿಧಿ ಮಾತ್ರ ಬಹುತೇಕ ಪೂರ್ತಿ ತುಂಬಿತ್ತು, ದೇಶದಲ್ಲೇ ಗಟ್ಟಿಯಾದವುಗಳ ಸಾಲಿನಲ್ಲಿತ್ತು. ಅಲ್ಲಿದ್ದ ಪ್ರಶ್ನೆ ಆ ನಿಧಿಗೆ ಯಾರು ತುಂಬಬೇಕು ಎಂಬುದಷ್ಟೇ. ನೌಕರರ ಪಾಲನ್ನೂ ಸರ್ಕಾರವೇ ಕಟ್ಟುವುದು ಮಾತುಕತೆಯ ಮೂಲಕ ರೂಢಿಗೆ ಬಂದಿತ್ತು. ಸಂಬಳ ಹೆಚ್ಚಿಸುವ ಬದಲು ಇದನ್ನು ಕೊಡುತ್ತೇವೆ ಎಂದು ಹಳೆಯ ಸರ್ಕಾರಗಳೇ ಒಪ್ಪಿದ್ದ ವ್ಯವಸ್ಥೆ ಅದು.

2011ರ ಫೆಬ್ರುವರಿ 11ರಂದು ವಾಕರ್ ‘ಬಜೆಟ್ ರಿಪೇರಿ ಮಸೂದೆ’ ಮುಂದಿಟ್ಟರು. ದುಡ್ಡಿನ ಭಾಗ ಇಷ್ಟು: ಪಿಂಚಣಿ ವಂತಿಗೆಯ ಅರ್ಧವನ್ನು, ಅಂದರೆ ಆಗಿನ ಲೆಕ್ಕದಲ್ಲಿ ಸಂಬಳದ ಸುಮಾರು ಶೇ 5.8ನ್ನು ನೌಕರ ಕಟ್ಟಬೇಕು. ರಾಜ್ಯ ನೌಕರರು ಆರೋಗ್ಯ ವಿಮೆಯ ಪ್ರೀಮಿಯಂನ ಶೇ 12.6ರ ಆಸುಪಾಸಿನಷ್ಟು ಹೊರಬೇಕು. ಒಂದು ಉದಾಹರಣೆ ಇಟ್ಟುಕೊಳ್ಳಿ. ವರ್ಷಕ್ಕೆ 50,000 ಡಾಲರ್ ಸಂಬಳ, ಕುಟುಂಬ ವಿಮೆಯ ಪ್ರೀಮಿಯಂ 18,000 ಡಾಲರ್. ಪಿಂಚಣಿಗೆ 2,900, ವಿಮೆಗೆ 2,268. ಒಟ್ಟು 5,168 ಡಾಲರ್. ವಿಮೆಗೆ ಮೊದಲೇ ಕಟ್ಟುತ್ತಿದ್ದ ಸಣ್ಣ ಮೊತ್ತ ಕಳೆದರೂ ಕೈಗೆ ಬರುವ ಸಂಬಳದಲ್ಲಿ ಹತ್ತನೇ ಒಂದಂಶದ ಹತ್ತಿರ ಹೋಯಿತು. ಈ ಪೆಟ್ಟು ಚಿಕ್ಕದಲ್ಲ. ಆದರೂ ಸಂಘಗಳು ಇದಕ್ಕೆ ಹೂಂ ಅಂದಿದ್ದವು.

ಸರ್ಕಾರಕ್ಕೆ ಇದರಿಂದ ಉಳಿಯುವುದೆಷ್ಟು? ಸರ್ಕಾರದ ಲೆಕ್ಕದಲ್ಲೇ ಚಾಲ್ತಿ ವರ್ಷಕ್ಕೆ 3 ಕೋಟಿ, ಮುಂದಿನ ಎರಡು ವರ್ಷಕ್ಕೆ 30 ಕೋಟಿ ಡಾಲರ್. 360 ಕೋಟಿಯ ಕೊರತೆಯಲ್ಲಿ ಅದು ಹನ್ನೆರಡನೇ ಒಂದು ಪಾಲು. ದೊಡ್ಡ ಕತ್ತರಿ ಬಿದ್ದದ್ದು ಬೇರೆ ಕಡೆ: ಶಾಲೆಗಳಿಗೆ ರಾಜ್ಯ ಕೊಡುವ ಅನುದಾನದಲ್ಲಿ ಸುಮಾರು 80 ಕೋಟಿ ಡಾಲರ್ ಖೋತಾ. ವಾಕರ್ ಅವರ ವಾದದಲ್ಲಿ ಹುರುಳಿದ್ದದ್ದು ಇಲ್ಲಿಯೇ. ‘ಶಾಲಾ ಮಂಡಳಿ, ಕೌಂಟಿ (ಜಿಲ್ಲೆ), ನಗರಸಭೆಗಳಿಗೆ ಅನುದಾನ ಕಡಿಮೆ ಮಾಡುತ್ತಿದ್ದೇನೆ, ಸಂಘದ ಜೊತೆ ವರ್ಷಗಟ್ಟಲೆ ಕೂರದೆ ಅವು ತಮ್ಮ ಖರ್ಚು ಇಳಿಸಿಕೊಳ್ಳಲಿ ಎಂದು ಈ ಕಾನೂನು’ ಎಂಬುದು ಅವರ ಮಾತು. ಕೆಲವು ಕಡೆ ಅದು ಕೆಲಸವನ್ನೂ ಮಾಡಿತು. ಶಿಕ್ಷಕರ ಸಂಘದ ನಂಟಿದ್ದ ಒಂದೇ ವಿಮಾ ಸಂಸ್ಥೆಯಿಂದ ಪಾಲಿಸಿ ಕೊಳ್ಳಬೇಕೆಂದು ಹಲವು ಮಂಡಳಿಗಳ ಒಪ್ಪಂದದಲ್ಲೇ ಬರೆದಿತ್ತು. ಹೊಸ ಕಾನೂನು ಬಂದ ಮೇಲೆ ಮಂಡಳಿಗಳು ಬೇರೆ ಕಂಪನಿಗಳಿಂದ ದರ ಕರೆದು ಹಣ ಉಳಿಸಿದವು. ಸಂಘಗಳ ಪರ ಬರೆಯುವವರು ಇದನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಇನ್ನು ಸಂಘದ ಭಾಗ. ಇಲ್ಲಿ ನಾಲ್ಕು ಗುಂಡಿಗಳಿವೆ. ಬಿಡಿಬಿಡಿಯಾಗಿ ಯಾವುದೂ ಪ್ರಾಣಾಂತಿಕವಲ್ಲ, ನಾಲ್ಕನ್ನೂ ಒಟ್ಟಿಗೆ ಒತ್ತಿದಾಗ ಉಸಿರು ನಿಲ್ಲುತ್ತದೆ.

ಮೊದಲನೆಯದು, ಮಾತಾಡಬಹುದಾದ ವಿಷಯ. ಮೂಲವೇತನ ಬಿಟ್ಟು ಇನ್ನೇನನ್ನೂ ಮಾತುಕತೆಯ ಮೇಜಿಗೆ ತರುವಂತಿಲ್ಲ. ಕೆಲಸದ ಅವಧಿ, ರಜೆ, ತರಗತಿಯ ಗಾತ್ರ, ವರ್ಗಾವಣೆ, ಹೆಚ್ಚುವರಿ ಕೆಲಸದ ಭತ್ಯೆ, ವಿಮೆ, ಪಿಂಚಣಿ ಎಲ್ಲವೂ ಹೊರಗೆ. ಮೂಲವೇತನದ ಏರಿಕೆಯೂ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯನ್ನು ಮೀರುವಂತಿಲ್ಲ. ಮೀರಬೇಕಾದರೆ ಮತದಾರರ ಮುಂದೆ ಜನಮತಗಣನೆ ಗೆಲ್ಲಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ತುಟ್ಟಿಭತ್ಯೆಯಷ್ಟು ಕೇಳಬಹುದು, ವೇತನ ಪರಿಷ್ಕರಣೆ ಕೇಳುವಂತಿಲ್ಲ. ಮೇಲಿನ ಉದಾಹರಣೆಗೆ ಬನ್ನಿ: ಬೆಲೆ ಏರಿಕೆ ಶೇ 2 ಇದ್ದರೆ ಸಂಘ ಗರಿಷ್ಠ 1,000 ಡಾಲರ್ ಕೇಳಬಹುದು. ಕಳೆದುಕೊಂಡ 5,168 ಕೈಗೆ ವಾಪಸ್ ಬರಲು ಐದು ವರ್ಷ ಬೇಕು, ಅಷ್ಟರಲ್ಲಿ ಬೆಲೆಗಳೂ ಅಷ್ಟೇ ಏರಿರುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಆಡಳಿತ ತಾನಾಗಿಯೇ ಹೆಚ್ಚು ಕೊಡಲು ತಡೆಯಿಲ್ಲ; ಕೇಳಿ ಪಡೆಯುವುದಕ್ಕಷ್ಟೇ ತಡೆ. ಹಾಗಾಗಿ ಹಲವು ಶಾಲಾ ಮಂಡಳಿಗಳು ಹಳೆಯ ವೇತನ ಶ್ರೇಣಿ ಕೈಬಿಟ್ಟು, ಗಣಿತ, ವಿಜ್ಞಾನದಂತಹ ಅಭಾವದ ವಿಷಯಗಳ ಶಿಕ್ಷಕರಿಗೆ ಹೆಚ್ಚು ಕೊಟ್ಟು ಪಕ್ಕದ ಊರಿನಿಂದ ಸೆಳೆದವು. ಗಿರಾಕಿ ಇದ್ದವರಿಗೆ ಲಾಭವಾಯಿತು. ಸಣ್ಣ ಹಳ್ಳಿಗಳ ಶಾಲೆಗಳು ಶಿಕ್ಷಕರನ್ನು ಕಳೆದುಕೊಂಡವು.

ಎರಡನೆಯದು, ಪ್ರತಿ ವರ್ಷದ ಮರುಮಾನ್ಯತೆಯ ಚುನಾವಣೆ. ಇದರ ಗಣಿತ ನೋಡಿ. ಮಾನ್ಯತೆ, ಅಂದರೆ ನೌಕರರ ಪರ ಮಾತುಕತೆ ನಡೆಸುವ ಅಧಿಕಾರ, ಉಳಿಯಲು ಮತ ಹಾಕಿದವರಲ್ಲಿ ಬಹುಮತ ಸಾಲದು, ಘಟಕದಲ್ಲಿರುವ ಎಲ್ಲ ನೌಕರರಲ್ಲಿ ಶೇ 51 ಜನ ‘ಬೇಕು’ ಎನ್ನಬೇಕು. 200 ಜನರ ಘಟಕದಲ್ಲಿ 102 ಮತ ಬೇಕು. 120 ಜನ ಮತ ಹಾಕಿ 101 ಜನ ‘ಬೇಕು’, 19 ಜನ ‘ಬೇಡ’ ಎಂದರೂ ಸಂಘ ಸೋತಂತೆ. ಮತ ಹಾಕಲು ಮರೆತವನು, ರಜೆಯ ಮೇಲಿರುವವನು, ಸಂಘದ ಗೊಡವೆಯೇ ಬೇಡ ಎಂದು ಸುಮ್ಮನಿದ್ದವನು, ಎಲ್ಲರೂ ‘ಬೇಡ’ ಎಂದಂತೆಯೇ ಲೆಕ್ಕ. ಚುನಾವಣೆಯ ಶುಲ್ಕ ಸಂಘವೇ ಕಟ್ಟಬೇಕು. ಈ ನಿಯಮವನ್ನು ಶಾಸಕರಿಗೆ ಹಚ್ಚಿದರೆ ಸದನದಲ್ಲಿ ಎಷ್ಟು ಜನ ಉಳಿದಾರು ಎಂದು ವಿರೋಧಿಗಳು ಕೇಳಿದ್ದು ಸುಮ್ಮನೆ ಅಲ್ಲ.

ಮೂರನೆಯದು ವಂತಿಗೆ. ಸಂಬಳದ ಬಟವಾಡೆಯಲ್ಲೇ ಸಂಘದ ವಂತಿಗೆ ಕಡಿದು ಕೊಡುವ ಪದ್ಧತಿ ರದ್ದಾಯಿತು. ಸದಸ್ಯರಲ್ಲದಿದ್ದರೂ ಒಪ್ಪಂದದ ಲಾಭ ಪಡೆಯುವವರಿಂದ ತೆಗೆದುಕೊಳ್ಳುತ್ತಿದ್ದ ‘ನ್ಯಾಯಪಾಲು’ ಶುಲ್ಕವೂ ಹೋಯಿತು. ಸಂಘದವರು ಒಬ್ಬೊಬ್ಬರ ಬಾಗಿಲು ತಟ್ಟಿ, ಬ್ಯಾಂಕ್ ಖಾತೆಯ ವಿವರ ಪಡೆದು ವಂತಿಗೆ ವಸೂಲಿಗೆ ಕೂರಬೇಕಾಯಿತು. ಕೈಗೆ ಬರುವ ಸಂಬಳ ಇಳಿದ ತಿಂಗಳೇ ‘ವಂತಿಗೆ ಕೊಡಿ’ ಎಂದು ಕೇಳುವುದು ಎಷ್ಟು ಕಷ್ಟ ಎಂಬುದು ಸಂಘ ನಡೆಸಿದ ಯಾರಿಗಾದರೂ ಗೊತ್ತು. ನಾಲ್ಕೂ ಗುಂಡಿಗಳಲ್ಲಿ ಹೆಚ್ಚು ನಾಟಿದ್ದು ಇದೇ ಎಂಬುದು ನನ್ನ ಅಂದಾಜು. ನಾಲ್ಕನೆಯದು, ಒಪ್ಪಂದದ ಅವಧಿ ಒಂದೇ ವರ್ಷ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಓಡಾಟ.

ಈಗ ಸಂಘದ ಖಜಾಂಚಿಯ ಜಾಗದಲ್ಲಿ ನಿಂತು ಯೋಚಿಸಿ. ದುಡ್ಡು ಖರ್ಚು ಮಾಡಿ, ವರ್ಷಾವರ್ಷ ಚುನಾವಣೆ ಗೆದ್ದು ಸಿಗುವುದೇನು? ಬೆಲೆ ಏರಿಕೆಯಷ್ಟು ಸಂಬಳ ಕೇಳುವ ಹಕ್ಕು. ಅದನ್ನು ಆಡಳಿತ ಕೇಳದೆಯೂ ಕೊಡಬಹುದು. ಮೇಲಾಗಿ ಮಾನ್ಯತೆ ಪಡೆದ ಸಂಘ ವಂತಿಗೆ ಕೊಡದವರ ಪರವಾಗಿಯೂ ಮಾತಾಡಲೇಬೇಕು. ಹಾಗಾಗಿ ಹಲವು ಸಂಘಗಳು ಸೋತು ಮಾನ್ಯತೆ ಕಳೆದುಕೊಳ್ಳಲಿಲ್ಲ, ತಾವೇ ‘ಮರುಮಾನ್ಯತೆ ಬೇಡ’ ಎಂದು ನಿರ್ಧರಿಸಿದವು. ಬೋಧನಾ ಸಹಾಯಕರ ಸಂಘವೂ 2011ರಲ್ಲಿ ಇದೇ ದಾರಿ ಹಿಡಿಯಿತು. 1966ರಲ್ಲಿ ಹುಟ್ಟಿ, 1970ರಲ್ಲೇ ವಿಶ್ವವಿದ್ಯಾಲಯದಿಂದ ಒಪ್ಪಂದ ಬರೆಸಿಕೊಂಡ, ಅಮೆರಿಕದ ಅತಿ ಹಳೆಯ ವಿದ್ಯಾರ್ಥಿ ನೌಕರರ ಸಂಘ ಅದು.

ಒಟ್ಟು ಪರಿಣಾಮ: 2010ರಲ್ಲಿ ವಿಸ್ಕಾನ್ಸಿನ್‌ನ ನೌಕರರಲ್ಲಿ ಶೇ 14ರಷ್ಟು ಜನ ಸಂಘದ ಸದಸ್ಯರಾಗಿದ್ದರು, 2016ರ ಹೊತ್ತಿಗೆ ಅದು ಶೇ 8ಕ್ಕೆ ಇಳಿಯಿತು. 2015ರ ಇನ್ನೊಂದು ಕಾನೂನು ಖಾಸಗಿ ವಲಯದ ಸಂಘಗಳಿಗೂ ಪೆಟ್ಟು ಕೊಟ್ಟಿದ್ದರಿಂದ ಇಳಿಕೆಯ ಪೂರ್ತಿ ಹೊಣೆ ಆ್ಯಕ್ಟ್ 10ರದ್ದಲ್ಲ. ಆದರೆ ಸುಮಾರು 98,000 ಸದಸ್ಯರಿದ್ದ ಶಿಕ್ಷಕರ ಸಂಘ ಅರ್ಧಕ್ಕಿಂತ ಕೆಳಗೆ ಕುಸಿದದ್ದು ಬಹುಮಟ್ಟಿಗೆ ಇದರಿಂದಲೇ. ಸಾರ್ವಜನಿಕ ನೌಕರರ ಅತಿ ದೊಡ್ಡ ಸಂಘಗಳಲ್ಲೊಂದಾದ ಎಎಫ್‌ಎಸ್‌ಸಿಎಂಇ ಹುಟ್ಟಿದ್ದೇ 1930ರ ದಶಕದ ಮ್ಯಾಡಿಸನ್‌ನಲ್ಲಿ. ಪೌರ ನೌಕರರಿಗೆ ಸಾಮೂಹಿಕ ಚೌಕಾಸಿಯ, ಅಂದರೆ ಸಂಘದ ಮೂಲಕ ಮಾತುಕತೆ ನಡೆಸುವ ಹಕ್ಕನ್ನು ಕಾನೂನಾಗಿ ಕೊಟ್ಟ ಮೊದಲ ರಾಜ್ಯವೂ ವಿಸ್ಕಾನ್ಸಿನ್‌ನೇ, 1959ರಲ್ಲಿ. ಅಲ್ಲಿಯವರಿಗೆ ಆದ ನೋವು ಕಿಸೆಯದು ಮಾತ್ರ ಆಗಿರಲಿಲ್ಲ.

ಅದಕ್ಕೇ ಜನ ವಿಧಾನಸಭಾ ಕಟ್ಟಡದೊಳಗೇ ಹಾಸಿಗೆ ಹಾಸಿ ವಾರಗಟ್ಟಲೆ ಮಲಗಿದರು. ಶಿಕ್ಷಕರು ಸಾಮೂಹಿಕವಾಗಿ ರಜೆ ಹಾಕಿದ್ದರಿಂದ ಮ್ಯಾಡಿಸನ್‌ನ ಶಾಲೆಗಳು ದಿನಗಟ್ಟಲೆ ಮುಚ್ಚಿದವು. ಫೆಬ್ರುವರಿ 17ರಂದು ಡೆಮಾಕ್ರಟಿಕ್ ಪಕ್ಷದ 14 ಸೆನೆಟರ್‌ಗಳು ರಾಜ್ಯದ ಗಡಿ ದಾಟಿ ಇಲಿನಾಯ್‌ಗೆ ಹೋದರು. ರೆಸಾರ್ಟ್ ರಾಜಕಾರಣ ನೋಡಿ ಪಳಗಿದ ನಮಗೆ ಇದು ಪರಿಚಿತ ದೃಶ್ಯವೇ, ಆದರೆ ಹಿಂದಿನ ಲೆಕ್ಕ ಬೇರೆ. ಮೇಲ್ಮನೆಯಾದ ಸೆನೆಟ್‌ನ ಬಲ 33, ರಿಪಬ್ಲಿಕನ್ನರು 19. ಹಣ ಮಂಜೂರು ಮಾಡುವ, ಸಾಲ ಎತ್ತುವ, ತೆರಿಗೆ ಹಾಕುವ ಮಸೂದೆಗೆ ಐದನೇ ಮೂರರಷ್ಟು, ಅಂದರೆ 20 ಸದಸ್ಯರ ಹಾಜರಿ (ಕೋರಂ) ಬೇಕೆಂದು ರಾಜ್ಯದ ಸಂವಿಧಾನ ಹೇಳುತ್ತದೆ. ಒಬ್ಬನೇ ಒಬ್ಬ ಕಡಿಮೆ! ಅಲ್ಲಿನ ಪೊಲೀಸರಿಗೆ ರಾಜ್ಯದೊಳಗಿರುವ ಶಾಸಕರನ್ನು ಕರೆತರುವ ಅಧಿಕಾರವಿದೆ, ಗಡಿಯಾಚೆ ಇಲ್ಲ.

ಮೂರು ವಾರಗಳ ನಂತರ, ಮಾರ್ಚ್ 9ರ ಸಂಜೆ, ರಿಪಬ್ಲಿಕನ್ನರು ಗಂಟು ಬಿಚ್ಚಿದರು. ಸಾಲದ ಮರುಹೊಂದಾಣಿಕೆ ಮತ್ತು ಹಣ ಮಂಜೂರಾತಿಯ ಕಲಮುಗಳನ್ನು ಕಿತ್ತುಹಾಕಿದ ಮೇಲೆ ಉಳಿದದ್ದಕ್ಕೆ 17 ಜನರ ಸಾಮಾನ್ಯ ಕೋರಂ ಸಾಕು. ಸೆನೆಟ್ 18–1ರಿಂದ ಅಂಗೀಕರಿಸಿತು. ಸ್ವಪಕ್ಷದ ಡೇಲ್ ಶುಲ್ಟ್ಸ್ ಒಬ್ಬರೇ ವಿರೋಧಿಸಿದರು. ಮರುದಿನ ಕೆಳಮನೆಯಾದ ಅಸೆಂಬ್ಲಿ 53–42, ಮಾರ್ಚ್ 11ರಂದು ಸಹಿ. ‘ಬಜೆಟ್ ಮಸೂದೆಯಿಂದ ಬಜೆಟ್ಟನ್ನೇ ತೆಗೆದರು, ಇದು ಬರೀ ನೆಪವೆಂದು ಸಾಬೀತಾಯಿತು’ ಎಂದು ಆಗ ಎಲ್ಲರೂ ಬರೆದರು. ಅರ್ಧ ನಿಜ. ಪಿಂಚಣಿ ಮತ್ತು ವಿಮೆಯ ಕಡಿತಗಳು ಹೊಸ ಮಸೂದೆಯಲ್ಲೂ ಹಾಗೇ ಇದ್ದವು. ಅವು ಉಳಿತಾಯ, ಮಂಜೂರಾತಿ ಅಲ್ಲ, ಹಾಗಾಗಿ ದೊಡ್ಡ ಕೋರಂ ಬೇಕಿರಲಿಲ್ಲ. ನೆಪ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಮೇಲೆ ಹೇಳಿದ ಎರಡು, ಮೂರನೆಯ ಗುಂಡಿಗಳು. ಮರುಮಾನ್ಯತೆಯ ಚುನಾವಣೆಯಿಂದಾಗಲಿ ವಂತಿಗೆ ಕಡಿತ ನಿಲ್ಲಿಸುವುದರಿಂದಾಗಲಿ ಖಜಾನೆಗೆ ಹೇಳಿಕೊಳ್ಳುವಂಥ ಉಳಿತಾಯವೇನೂ ಇಲ್ಲ.

ಅದೇ ತಿಂಗಳು ಓಹಾಯೊ ರಾಜ್ಯದ ಗವರ್ನರ್ ಜಾನ್ ಕೇಸಿಕ್ ಹೆಚ್ಚುಕಡಿಮೆ ಇಂತಹದೇ ಕಾನೂನಿಗೆ ಸಹಿ ಹಾಕಿದರು, ಅದು ಎಂಟು ತಿಂಗಳೂ ಬಾಳಲಿಲ್ಲ. ಕಾರಣ ಎರಡು. ಓಹಾಯೊದಲ್ಲಿ ಮತದಾರರು ಸಹಿ ಸಂಗ್ರಹಿಸಿ ಕಾನೂನನ್ನೇ ಜನಮತಕ್ಕೆ ಹಾಕಬಹುದು; ನವೆಂಬರ್‌ನಲ್ಲಿ ಶೇ 61ಕ್ಕೂ ಹೆಚ್ಚು ಜನ ಅದನ್ನು ತಿರಸ್ಕರಿಸಿದರು. ಎರಡನೆಯದಾಗಿ ಕೇಸಿಕ್ ಪೊಲೀಸರನ್ನೂ ಅಗ್ನಿಶಾಮಕದವರನ್ನೂ ಕಾನೂನಿನೊಳಗೆ ಸೇರಿಸಿದ್ದರು. ವಾಕರ್ ಅವರಿಬ್ಬರನ್ನೂ ಹೊರಗಿಟ್ಟರು. ಸಮವಸ್ತ್ರದವರು ಟಿ.ವಿ. ಜಾಹೀರಾತಿನಲ್ಲಿ ಬಂದು ‘ನಿಮ್ಮ ಸುರಕ್ಷತೆ’ ಎಂದರೆ ಮತದಾರ ಕರಗುತ್ತಾನೆ, ಗುಮಾಸ್ತ ಬಂದರೆ ಕರಗುವುದಿಲ್ಲ. ಮ್ಯಾಡಿಸನ್‌ನ ಅಗ್ನಿಶಾಮಕದವರು ತಮಗೆ ವಿನಾಯಿತಿ ಇದ್ದರೂ ಮೆರವಣಿಗೆಗೆ ಬಂದರು ಎಂಬುದನ್ನು ಮರೆಯಬಾರದು, ಆದರೂ ಒಡಕಿನ ಲೆಕ್ಕಾಚಾರ ಫಲಿಸಿತು.

ವಿಸ್ಕಾನ್ಸಿನ್‌ನಲ್ಲಿ ಕಾನೂನನ್ನು ಜನಮತಕ್ಕೆ ಹಾಕುವ ದಾರಿಯಿಲ್ಲ. ಇರುವುದು ಚುನಾಯಿತರನ್ನು ವಾಪಸ್ ಕರೆಸುವ ಹಕ್ಕು, ಅದೂ ಅಧಿಕಾರದ ಒಂದು ವರ್ಷ ತುಂಬಿದ ಮೇಲೆ. 2011ರ ಬೇಸಿಗೆಯಲ್ಲಿ ಇಬ್ಬರು ರಿಪಬ್ಲಿಕನ್ ಸೆನೆಟರ್‌ಗಳು ಹೀಗೆ ಸ್ಥಾನ ಕಳೆದುಕೊಂಡರು. ವಾಕರ್ ವಿರುದ್ಧ 5,40,208 ಸಹಿ ಬೇಕಿತ್ತು, 9 ಲಕ್ಷಕ್ಕೂ ಹೆಚ್ಚು ಸಿಂಧುವಾದವು. ಆದರೂ 2012ರ ಜೂನ್ 5ರಂದು ಅವರು ಶೇ 53 ಮತ ಪಡೆದು ಗೆದ್ದರು. ಕಾನೂನು ಇಷ್ಟವಿಲ್ಲದಿದ್ದರೂ ‘ಭ್ರಷ್ಟಾಚಾರ, ದುರ್ನಡತೆ ಇಲ್ಲದೆ ಅವಧಿಯ ಮಧ್ಯೆ ಇಳಿಸುವುದು ಸರಿಯಲ್ಲ’ ಎಂದುಕೊಂಡ ಮತದಾರರು ಬಹಳ ಇದ್ದರು. ಸಿಟ್ಟನ್ನು ಕಾನೂನಿನಿಂದ ವ್ಯಕ್ತಿಯ ಕಡೆಗೆ ತಿರುಗಿಸಬೇಕಾಗಿ ಬಂದದ್ದೇ ಸಂಘಗಳಿಗೆ ಮುಳುವಾಯಿತು.

ನ್ಯಾಯಾಲಯದ ಕಥೆ ದೀರ್ಘ, ಚುಟುಕಾಗಿ ಹೇಳುತ್ತೇನೆ. ಮಾರ್ಚ್ 9ರ ಸಭೆಗೆ ಸಾಕಷ್ಟು ಮುನ್ಸೂಚನೆ ಕೊಡಲಿಲ್ಲ ಎಂದು ಜಿಲ್ಲಾ ನ್ಯಾಯಾಧೀಶೆಯೊಬ್ಬರು ಕಾನೂನನ್ನು ತಡೆದರು. ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4–3ರಿಂದ ಆ ತಡೆ ತೆಗೆಯಿತು. 2014ರಲ್ಲಿ 5–2ರಿಂದ ಕಾನೂನನ್ನು ಎತ್ತಿಹಿಡಿಯಿತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಜೇನಸ್’ ತೀರ್ಪಿನಲ್ಲಿ ನ್ಯಾಯಪಾಲು ಶುಲ್ಕವನ್ನು ದೇಶದ ಎಲ್ಲ ಸರ್ಕಾರಿ ನೌಕರರ ಮಟ್ಟಿಗೆ ರದ್ದು ಮಾಡಿತು. ಆ್ಯಕ್ಟ್ 10 ಹೋದರೂ ಆ ಆದಾಯ ಇನ್ನು ಬರುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಡೇನ್ ಕೌಂಟಿಯ ನ್ಯಾಯಾಧೀಶ ಜೇಕಬ್ ಫ್ರಾಸ್ಟ್ ಆ್ಯಕ್ಟ್ 10ರ ಬಹುಭಾಗವನ್ನು ಅಸಾಂವಿಧಾನಿಕ ಎಂದರು. ಅವರು ಕೈ ಹಾಕಿದ್ದು ಪೊಲೀಸ್, ಅಗ್ನಿಶಾಮಕದವರನ್ನು ಹೊರಗಿಟ್ಟ ಅದೇ ವಿನಾಯಿತಿಗೆ: ವಾಹನ ತನಿಖಾಧಿಕಾರಿಗಳು ‘ಸುರಕ್ಷತಾ ನೌಕರರು’, ವಿಶ್ವವಿದ್ಯಾಲಯದ ಪೊಲೀಸರು ಅಲ್ಲ, ಇದು ಯಾವ ತರ್ಕ? ಆ ತೀರ್ಪು ಜಾರಿಯಾಗದಂತೆ ತಡೆ ಬಿದ್ದು ಪ್ರಕರಣ ಮೇಲ್ಮನವಿಗೆ ಹೋಯಿತು.

ನಮ್ಮಲ್ಲಿ ಹೀಗಾಗಬಹುದೇ ಎಂದು ಕೇಳಿದ್ದೀರಿ. ಕಿತ್ತುಕೊಳ್ಳಲು ಆ ಹಕ್ಕು ನಮ್ಮಲ್ಲಿ ಇರಬೇಕಲ್ಲ! ಕರ್ನಾಟಕದ ಸರ್ಕಾರಿ ನೌಕರರ ಸಂಬಳ ನಿರ್ಧಾರವಾಗುವುದು ವೇತನ ಆಯೋಗದ ಶಿಫಾರಸಿನ ಮೇಲೆ, ಸರ್ಕಾರದ ಆದೇಶದಿಂದ. ಸಂಘಕ್ಕೆ ಮನವಿ ಕೊಡುವ ಹಕ್ಕಿದೆ, ಸರ್ಕಾರವನ್ನು ಕಾನೂನಿನ ಬಲದಿಂದ ಮೇಜಿಗೆ ಕೂರಿಸುವ ಹಕ್ಕಿಲ್ಲ. ತಮಿಳುನಾಡಿನಲ್ಲಿ 2003ರಲ್ಲಿ ನಿವೃತ್ತಿ ಸೌಲಭ್ಯಗಳ ಕಡಿತದ ವಿರುದ್ಧ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನು ಜಯಲಲಿತಾ ಸರ್ಕಾರ ವಜಾ ಮಾಡಿತು. ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಪಾಲು ಜನರನ್ನು ವಾಪಸ್ ಸೇರಿಸಿಕೊಳ್ಳುವಂತೆ ಮಾಡಿದರೂ, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದು ಹೇಳಿತು. ಆದರೆ ಕಾಗದದ ಹಕ್ಕು ಬೇರೆ, ಬಲ ಬೇರೆ. 2023ರ ಮಾರ್ಚ್ 1ರಂದು ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ ರಾಜ್ಯ ನೌಕರರು ಕೆಲಸ ನಿಲ್ಲಿಸಿದರು. ಅಂದೇ ಶೇ 17 ಮಧ್ಯಂತರ ಪರಿಹಾರದ ಆದೇಶ ಬಂತು. ವಿಸ್ಕಾನ್ಸಿನ್‌ನಲ್ಲಿ ಕಾನೂನು ಕೊಟ್ಟ ಹಕ್ಕನ್ನು ಕಾನೂನೇ ಕಸಿಯಿತು. ಇಲ್ಲಿ ಹಕ್ಕಿಲ್ಲದಿದ್ದರೂ ಸಂಖ್ಯೆ ಮತ್ತು ಚುನಾವಣೆಯ ಕ್ಯಾಲೆಂಡರ್ ಕೆಲಸ ಮಾಡಿದವು. ಆ ಬಲ ಹಳೆ ಪಿಂಚಣಿಯ ವಿಷಯದಲ್ಲಿ ನಡೆದಿಲ್ಲ ಎಂಬುದು 2006ರ ಏಪ್ರಿಲ್ ನಂತರ ಸೇರಿದವರಿಗೆ ಚೆನ್ನಾಗಿ ಗೊತ್ತು.

ಇನ್ನು ನಿಮ್ಮ ಮಗಳ ವಿಷಯ. ವಿದ್ಯಾರ್ಥಿ ವೀಸಾದಲ್ಲಿದ್ದರೂ ಸಂಘದ ಸದಸ್ಯತ್ವಕ್ಕೆ ಅಡ್ಡಿಯಿಲ್ಲ. ಸೇರಿದರೆ ವಂತಿಗೆ ಸಂಬಳದಲ್ಲಿ ಕಡಿಯುವುದಿಲ್ಲ, ತಾನೇ ಬ್ಯಾಂಕಿನಿಂದ ಕಟ್ಟಬೇಕು. ಎಷ್ಟು ಎಂಬುದನ್ನು ಮೊದಲೇ ಕೇಳಿಕೊಳ್ಳಲಿ. ಸಂಘ ಆಕೆಯ ಪರವಾಗಿ ಒಪ್ಪಂದಕ್ಕೆ ಸಹಿ ಹಾಕುವ ಸ್ಥಿತಿಯಲ್ಲಿಲ್ಲ. ಹಾಗಾಗಿ ವಾರಕ್ಕೆ ಎಷ್ಟು ಗಂಟೆ, ವಿಮೆಗೆ ಎಷ್ಟು, ಶುಲ್ಕ ಮನ್ನಾ ಯಾವುದಕ್ಕೆ ಎಂಬುದೆಲ್ಲ ನೇಮಕಾತಿ ಪತ್ರ ಮತ್ತು ವಿಶ್ವವಿದ್ಯಾಲಯದ ನೀತಿಪುಸ್ತಕದಲ್ಲಿ ಬರೆದಂತೆ. ಆ ಎರಡರ ಪ್ರತಿ ಕೈಯಲ್ಲಿರಲಿ. ನಿಗದಿಗಿಂತ ಹೆಚ್ಚು ಗಂಟೆ ದುಡಿಸಿಕೊಂಡರೆ ಮೊದಲ ದಿನದಿಂದಲೇ ಗಂಟೆಗಳ ಲೆಕ್ಕ ಬರೆದಿಡಬೇಕು. ಅಂಥ ದೂರನ್ನು ಯಾರಿಗೆ, ಯಾವ ಕ್ರಮದಲ್ಲಿ, ಎಷ್ಟು ದಿನದೊಳಗೆ ಕೊಡಬೇಕು ಎಂದು ಹೇಳಿಕೊಡುವ, ಹಿಂದಿನವರ ಅನುಭವ ಇರುವ ಜನ ಸಿಗುವುದು ಸಂಘದಲ್ಲೇ. ಒಂದು ಎಚ್ಚರಿಕೆ ಮಾತ್ರ: ವಿಸ್ಕಾನ್ಸಿನ್‌ನಲ್ಲಿ ರಾಜ್ಯ ನೌಕರರ ಮುಷ್ಕರ ಆ್ಯಕ್ಟ್ 10ಕ್ಕೆ ಮೊದಲಿನಿಂದಲೂ ಕಾನೂನುಬಾಹಿರ. ಕೆಲಸ ನಿಲ್ಲಿಸುವ ಮಾತು ಬಂದರೆ, ನೇಮಕಾತಿ ಹೋದಾಗ ವೀಸಾದ ಗತಿ ಏನು ಎಂದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಕೊಂಡ ಮೇಲೆಯೇ ಹೂಂ ಅನ್ನಲಿ.